ಅಕ್ಕರೆ ಅನ್ನುವ ಪದವನ್ನು ಯಾರಿಗೆ, ಯಾವಾಗ ಹೇಳುತ್ತೇವೆ?

ಕನ್ನಡದಲ್ಲಿ ಪ್ರೀತಿಗೆ ಪದಗಳು ಕಡಿಮೆಯೇನಿಲ್ಲ. ಒಲವು, ಮಮತೆ, ವಾತ್ಸಲ್ಯ, ಅನುರಾಗ, ಮೋಹ, ನಲ್ಮೆ, ಮುದ್ದು. ಇಷ್ಟರಲ್ಲಿ ನನಗೆ ತುಂಬಾ ಇಷ್ಟವಾದದ್ದು ಅಕ್ಕರೆ. ಯಾಕೆ ಅಂತ ಬರೆಯಬೇಕು ಅಂದುಕೊಂಡೇ ಬಹಳ ಕಾಲ ಆಯಿತು, ಇವತ್ತು ಕೂತಿದ್ದೇನೆ.

ಮೊದಲು ಒಂದು ವಿಷಯ ನೋಡಿ. ಈ ಪದವನ್ನು ಎದುರಿಗಿರುವವರ ಮುಖ ನೋಡಿ ಯಾರೂ ಹೇಳುವುದಿಲ್ಲ. ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಅನ್ನಬಹುದು, ಮನೆಯಲ್ಲಿ ಅನ್ನದಿದ್ದರೂ ಸಿನಿಮಾದಲ್ಲಿ ಅನ್ನುತ್ತಾರೆ. ‘ನನಗೆ ನಿನ್ನ ಮೇಲೆ ಅಕ್ಕರೆ’ ಅಂತ ಮೊಮ್ಮಗುವಿಗೆ ಹೇಳಿದ ಅಜ್ಜಿಯನ್ನು ನಾನಂತೂ ಕಂಡಿಲ್ಲ. ಪ್ರೀತಿಗೆ ಪ್ರೀತಿಸು ಇದೆ, ಒಲವಿಗೆ ಒಲಿ ಇದೆ, ಮುದ್ದಿಗೆ ಮುದ್ದಿಸು, ಮೋಹಕ್ಕೆ ಮೋಹಿಸು. ಅಕ್ಕರೆಗೆ ಇವತ್ತಿನ ಮಾತಿನಲ್ಲಿ ಅಂಥ ಸ್ವಂತ ಕ್ರಿಯಾಪದ ಇಲ್ಲ. ಹೆಚ್ಚಿನ ಸಲ ಅದು ಇನ್ನೊಂದು ಕೆಲಸದ ಪಕ್ಕದಲ್ಲಿ ಬಂದು ನಿಲ್ಲುತ್ತದೆ. ಅಕ್ಕರೆಯಿಂದ ಬಡಿಸಿದರು. ಅಕ್ಕರೆಯಿಂದ ಸಾಕಿದರು. ಊರಿಗೆ ಹೋದಾಗ ಅಕ್ಕರೆಯಿಂದ ವಿಚಾರಿಸಿಕೊಂಡರು. ಅಂದರೆ ಯಾರೋ ಏನೋ ಮಾಡುತ್ತಿರಬೇಕು, ಬಡಿಸುತ್ತಿರಬೇಕು, ತಲೆ ಬಾಚುತ್ತಿರಬೇಕು, ಗಿಡಕ್ಕೆ ನೀರು ಹಾಕುತ್ತಿರಬೇಕು, ಆಗ ಅದನ್ನು ಪಡೆದವರೋ ಪಕ್ಕದಲ್ಲಿ ನಿಂತು ನೋಡಿದವರೋ ‘ಎಷ್ಟು ಅಕ್ಕರೆ ನೋಡು’ ಅನ್ನುತ್ತಾರೆ. ಮಾಡಿದವರ ಬಾಯಿಂದ ಆ ಪದ ಬರುವುದೇ ಇಲ್ಲ. ಬೇರೆಯವರು ಕೊಡಬೇಕಾದ ಪದ ಇದು.

ನನಗೆ ಇದು ಬಹಳ ದೊಡ್ಡ ವಿಷಯ ಅನ್ನಿಸುತ್ತದೆ. ಪ್ರೀತಿ ಇದೆ ಅಂತ ಸುಮ್ನೆ ಹೇಳಿಕೊಳ್ಳಬಹುದು. ಅಕ್ಕರೆ ಇದೆ ಅಂತ ಹೇಳಿಕೊಂಡರೆ ಕೇಳುವವರಿಗೆ ಏನೋ ಕೃತಕವಾಗಿ ಕೇಳಿಸುತ್ತದೆ. ಚುನಾವಣೆ ಹೊತ್ತಿನಲ್ಲಿ ಮೈಕು ಹಿಡಿದು ‘ನನ್ನ ಅಕ್ಕರೆಯ ಬಂಧುಗಳೇ’ ಅಂತ ಶುರು ಮಾಡುವವರ ಮಾತು ಕಿವಿಗೆ ಹಿಡಿಸದೇ ಇರುವುದು ಅದಕ್ಕೇ ಇರಬೇಕು.

ಇನ್ನು ಯಾರಿಂದ ಯಾರಿಗೆ ಅನ್ನುವುದು. ಸಾಮಾನ್ಯವಾಗಿ ಅಕ್ಕರೆ ದೊಡ್ಡವರಿಂದ ಚಿಕ್ಕವರ ಕಡೆಗೆ ಹೋಗುತ್ತದೆ. ಅಜ್ಜಿಯಿಂದ ಮೊಮ್ಮಕ್ಕಳಿಗೆ, ಸೋದರಮಾವನಿಂದ ಅಕ್ಕನ ಮಗಳಿಗೆ, ಮೇಷ್ಟ್ರಿಂದ ಹುಡುಗರಿಗೆ. ಮೇಷ್ಟ್ರ ಮೇಲೆ ಹುಡುಗರಿಗೆ ಇರುವುದಕ್ಕೆ ಗೌರವ ಅನ್ನುತ್ತೇವೆ, ಅಭಿಮಾನ ಅನ್ನುತ್ತೇವೆ. ದೇವರ ಮೇಲೆ ಇರುವುದು ಭಕ್ತಿ. ಗಂಡ ಹೆಂಡತಿ ಮಧ್ಯೆಯೂ ಅಕ್ಕರೆ ಇರುತ್ತದೆ, ಆದರೆ ಹೊಸದಾಗಿ ಮದುವೆ ಆದವರ ಬಗ್ಗೆ ಆ ಪದ ಬಳಸುವುದು ಕಡಿಮೆ. ಮೂವತ್ತು ನಲವತ್ತು ವರ್ಷ ಜೊತೆಗಿದ್ದು, ಒಬ್ಬರ ಬಿ.ಪಿ. ಮಾತ್ರೆ ಇನ್ನೊಬ್ಬರು ನೆನಪಿಟ್ಟುಕೊಳ್ಳುವ ಕಾಲಕ್ಕೆ ಆ ಪದ ತಾನಾಗಿ ಬರುತ್ತದೆ. ಮನುಷ್ಯರೇ ಆಗಬೇಕು ಅಂತಲೂ ಇಲ್ಲ. ಕೊಟ್ಟಿಗೆಯಲ್ಲಿ ಕೆಂಪಿ, ಗೌರಿ, ಬೆಳ್ಳಿ ಅಂತ ಹೆಸರಿಟ್ಟು ಕರೆದು, ಕರುವಿಗೆ ಅಂತ ಒಂದು ಮೊಲೆಯ ಹಾಲು ಬಿಟ್ಟು ಕರೆಯುವವರಿದ್ದಾರಲ್ಲ, ಅವರದ್ದೂ ಅಕ್ಕರೆಯೇ. ಕಾರ ಹುಣ್ಣಿಮೆಗೆ ಎತ್ತಿನ ಮೈ ತೊಳೆದು ಕೊಂಬಿಗೆ ಬಣ್ಣ ಬಳಿಯುವ ಕೈಗಳನ್ನು ನೋಡಿದ್ದರೆ ಗೊತ್ತಾಗುತ್ತದೆ.

ಆದರೆ ಈ ದೊಡ್ಡವರು ಚಿಕ್ಕವರು ಅನ್ನುವ ಲೆಕ್ಕ ಒಂದು ಕಡೆ ಪೂರ್ತಿ ತಿರುಗಿಬಿಡುತ್ತದೆ. ನನ್ನ ಅಜ್ಜಿಗೆ ಕೊನೆಯ ವರ್ಷಗಳಲ್ಲಿ ಮರೆವು ಬಂತು. ಅವರನ್ನು ನೋಡಿಕೊಂಡದ್ದು ನಮ್ಮ ದೊಡ್ಡಮ್ಮ, ಅಂದರೆ ಅಜ್ಜಿಯ ಹಿರಿಯ ಸೊಸೆ. ಅನ್ನ ಮೆತ್ತಗೆ ಕಲಸಿ ತಿನ್ನಿಸಬೇಕು, ರಾತ್ರಿ ಎದ್ದು ಬಾಗಿಲ ಕಡೆ ಹೋಗದಂತೆ ನೋಡಿಕೊಳ್ಳಬೇಕು, ಯಾವತ್ತೋ ಮಾರಿದ ಹಸುವಿಗೆ ಹುಲ್ಲು ಹಾಕಿದೆಯಾ ಅಂತ ಅಜ್ಜಿ ಕೇಳಿದಾಗಲೆಲ್ಲ ‘ಹಾಕಿದೆ ಅತ್ತೆ, ತಿಂತಾ ಇದೆ’ ಅನ್ನಬೇಕು. ದೊಡ್ಡಮ್ಮ ಬೈಯುತ್ತಲೂ ಇದ್ದರು. ಸುಸ್ತಾದಾಗ ಅಡುಗೆಮನೆಗೆ ಬಂದು ಒಂದಷ್ಟು ಹೊತ್ತು ಯಾರ ಜೊತೆಗೂ ಮಾತಾಡದೆ ಕೂತಿರುತ್ತಿದ್ದರು. ಅಕ್ಕಪಕ್ಕದವರು ಬಂದು ನೋಡಿ ‘ಎಷ್ಟು ಅಕ್ಕರೆಯಿಂದ ನೋಡ್ಕೊಳ್ತಾಳೆ, ಪುಣ್ಯವಂತೆ’ ಅಂದರೆ ಅವರು ಕೊಡುತ್ತಿದ್ದ ಉತ್ತರ ‘ಮಾಡ್ಲೇಬೇಕಲ್ವಾ, ಇನ್ನ್ಯಾರು ಮಾಡ್ತಾರೆ’ ಅಂತ. ವಯಸ್ಸಿನಲ್ಲಿ ದೊಡ್ಡವರು ಅಜ್ಜಿ, ಆದರೆ ಅಕ್ಕರೆ ಸೊಸೆಯಿಂದ ಅತ್ತೆಗೆ ಹೋಗುತ್ತಿತ್ತು, ಆ ಪದ ಅಲ್ಲಿ ಒಂಚೂರೂ ತಪ್ಪಾಗಿ ಕೇಳಿಸಲಿಲ್ಲ. ಯಾರಿಗೆ ಆಸರೆ ಬೇಕೋ ಅವರ ಕಡೆಗೆ ಅದು ಹರಿಯುತ್ತದೆ, ಅಷ್ಟೇ.

ಇಲ್ಲಿ ಮಮತೆಯನ್ನು ಪಕ್ಕಕ್ಕಿಟ್ಟು ನೋಡಿದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಸಂಸ್ಕೃತದಲ್ಲಿ ಮಮ ಅಂದರೆ ನನ್ನ. ಮಮತೆ ಅಂದರೆ ಮೂಲದಲ್ಲಿ ‘ನನ್ನದು’ ಅನ್ನುವ ಭಾವ. ಅದಕ್ಕೇ ವೇದಾಂತ ಹೇಳುವವರು ಅಹಂಕಾರ, ಮಮಕಾರ ಎರಡನ್ನೂ ಜೋಡಿಯಾಗಿ ಬಿಡು ಅನ್ನುತ್ತಾರೆ. ನಮ್ಮ ಬಳಕೆಯಲ್ಲಿ ಮಮತೆ ತಾಯಿಯ ಪ್ರೀತಿಯಾಗಿ ಚೆನ್ನಾಗಿ ನೆಲೆಸಿದೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೂ ಅದರ ಬೇರಿನಲ್ಲಿ ನನ್ನ ಮಗು, ನನ್ನ ಮನೆ ಅನ್ನುವುದು ಇದ್ದೇ ಇದೆ. ವಾತ್ಸಲ್ಯವೂ ಹಾಗೇ, ವತ್ಸ ಅಂದರೆ ಕರು, ಹಸುವಿಗೆ ತನ್ನ ಕರುವಿನ ಮೇಲೆ ಇರುವುದು ವಾತ್ಸಲ್ಯ. ಅಕ್ಕರೆಗೆ ಈ ರಕ್ತಸಂಬಂಧ ಬೇಕಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನವರ ಮಗು ಅತ್ತರೆ ಬ್ಯಾಗಿನಿಂದ ಬಿಸ್ಕೆಟ್ ತೆಗೆದು ಕೊಡುವ ಅಜ್ಜಂದಿರು ಇರುತ್ತಾರಲ್ಲ, ಆ ಮಗು ಅವರಿಗೆ ಏನೂ ಆಗಬೇಕಿಲ್ಲ.

ಒಲವಿನ ಬಗ್ಗೆ ಒಂದೇ ಮಾತು. ಅದಕ್ಕೆ ವಾಲುವುದು, ಆಯ್ಕೆ ಮಾಡುವುದು ಅನ್ನುವ ಅರ್ಥವೂ ಸೇರಿದೆ. ಮತದಾರರ ಒಲವು ಯಾರ ಕಡೆಗೆ ಅಂತ ಪೇಪರಿನಲ್ಲಿ ಬರೆಯುತ್ತಾರಲ್ವಾ. ಮತದಾರರ ಅಕ್ಕರೆ ಯಾರ ಕಡೆಗೆ ಅಂತ ಯಾರೂ ಬರೆಯುವುದಿಲ್ಲ.

ಪದ ಎಲ್ಲಿಂದ ಬಂತು ಅನ್ನುವುದೂ ಚೆನ್ನಾಗಿದೆ. ಹಳಗನ್ನಡದಲ್ಲಿ ಇದರ ರೂಪ ಅೞ್ಕಱ್. ಈಗಿನ ವರ್ಣಮಾಲೆಯಲ್ಲಿ ಇಲ್ಲದ ಎರಡು ಅಕ್ಷರಗಳು, ೞ ಮತ್ತು ಱ, ಈ ಒಂದೇ ಪದದಲ್ಲಿ ಇದ್ದವು. ೞ ಹೇಗೆ ಕೇಳಿಸುತ್ತದೆ ಅಂತ ಗೊತ್ತಾಗಬೇಕಾದರೆ ತಮಿಳರು ತಮ್ಮ ಭಾಷೆಯ ಹೆಸರು ಹೇಳುವಾಗ ಕೊನೆಯ ಅಕ್ಷರ ಕೇಳಿ, ಅಥವಾ ಮಲಯಾಳಿಗಳು ಆಲಪ್ಪುೞ ಅನ್ನುವುದನ್ನು ಕೇಳಿ. ಕನ್ನಡದಲ್ಲಿ ಆ ಸದ್ದು ಮೆಲ್ಲಮೆಲ್ಲಗೆ ಹೋಯಿತು. ಕೇಶಿರಾಜ 13ನೇ ಶತಮಾನದಲ್ಲಿ ವ್ಯಾಕರಣ ಬರೆಯುವಾಗ ಯಾವ ಪದಗಳಲ್ಲಿ ೞ ಬರುತ್ತದೆ ಅಂತ ಪಟ್ಟಿಯನ್ನೇ ಕೊಟ್ಟಿದ್ದಾನೆ. ಬಿೞ್ದು ಇದ್ದದ್ದು ಬಿದ್ದು ಆಯಿತು, ಎೞ್ದು ಇದ್ದದ್ದು ಎದ್ದು ಆಯಿತು, ಕೞ್ತೆ ಕತ್ತೆ ಆಯಿತು. ಅೞ್ಕಱ್ ಕೂಡ ಅದೇ ದಾರಿ ಹಿಡಿದು ಅಕ್ಕರೆ ಆಯಿತು. ಅಕ್ಕರೆಯಲ್ಲಿ ಅಕ್ಕ ಇದ್ದಾಳೆ ಅಂತ ಚೆಂದವಾಗಿ ಬರೆಯುವವರಿದ್ದಾರೆ. ಓದಲು ಹಿತವಾಗಿರುತ್ತದೆ, ಆದರೆ ಅಕ್ಕನಿಗೂ ಈ ಪದಕ್ಕೂ ನಂಟಿಲ್ಲ.

ಇನ್ನೊಂದು ಅಕ್ಕರ ಇದೆ, ಅದು ಬೇರೆ. ಅಕ್ಷರದ ತದ್ಭವ ಅಕ್ಕರ, ಪಕ್ಷ ಪಕ್ಕ ಆದ ಹಾಗೆ, ಲಕ್ಷ ಲಕ್ಕ ಆದ ಹಾಗೆ. ಛಂದಸ್ಸಿನಲ್ಲೂ ಅಕ್ಕರ ಅನ್ನುವ ಹೆಸರಿದೆ. ಪಿರಿಯಕ್ಕರ, ದೊರೆಯಕ್ಕರ, ನಡುವಣಕ್ಕರ, ಎಡೆಯಕ್ಕರ, ಕಿರಿಯಕ್ಕರ ಅಂತ ಐದು. ಪಂಪ 10ನೇ ಶತಮಾನದಲ್ಲಿ ತನ್ನ ಭಾರತದಲ್ಲಿ ಪಿರಿಯಕ್ಕರ ಬಳಸಿದ್ದಾನೆ. ಹಾಗಾಗಿ ಹಳೆಯ ಪುಸ್ತಕದಲ್ಲಿ ಅಕ್ಕರ ಕಂಡರೆ ಅದು ಪ್ರೀತಿಯೋ, ಅಕ್ಷರವೋ, ಪದ್ಯದ ಜಾತಿಯೋ ಅಂತ ಸಂದರ್ಭ ನೋಡಿಯೇ ತಿಳಿಯಬೇಕು. ಮಗುವಿನ ಕೈ ಹಿಡಿದು ಅಕ್ಕಿಯ ಮೇಲೆ ಓಂಕಾರ ಬರೆಸುವ ಅಕ್ಷರಾಭ್ಯಾಸದ ದಿನ ಮಾತ್ರ ಎರಡು ಅಕ್ಕರವೂ ಒಂದೇ ತಟ್ಟೆಯಲ್ಲಿ ಇರುತ್ತವೆ.

ಅಕ್ಕಪಕ್ಕದ ಭಾಷೆಗಳಲ್ಲಿ ಇದೇ ಥರದ ಪದಗಳು ಬೇರೆ ಬೇರೆ ಕೆಲಸ ಮಾಡುತ್ತಿವೆ. ತಮಿಳಿನ ಅಕ್ಕಱೈ ಅಂದರೆ ಕಾಳಜಿ, ಆಸಕ್ತಿ. ಕೆಲಸದಲ್ಲಿ ಅಕ್ಕಱೈ ಇಲ್ಲ ಅಂದರೆ ಗಮನ ಕೊಡುವುದಿಲ್ಲ ಅಂತ. ತೆಲುಗಿನಲ್ಲಿ ಅಕ್ಕರ ಅಂದರೆ ಅಗತ್ಯ, ಬೇಡ ಅನ್ನುವುದಕ್ಕೆ ಅಕ್ಕರ್ಲೇದು ಅಂತ ಬೆಂಗಳೂರಿನಲ್ಲೂ ಕೋಲಾರದಲ್ಲೂ ಕಿವಿಗೆ ಬೀಳುತ್ತಲೇ ಇರುತ್ತದೆ. ಮಲಯಾಳದಲ್ಲಿ ಅಕ್ಕರೆ ಅಂದರೆ ಆಚೆ ದಡ, ಪ್ರೀತಿಗೂ ಅದಕ್ಕೂ ಸಂಬಂಧ ಇಲ್ಲ, ಕಾಸರಗೋಡಿನ ಕನ್ನಡಿಗರು ಎರಡೂ ಅಕ್ಕರೆಗಳ ಜೊತೆ ಬಾಳುತ್ತಿದ್ದಾರೆ. ಒಬ್ಬರಿಗೆ ಬೇಕಾದದ್ದು, ಅದನ್ನು ಗಮನಿಸುವುದು, ಆಮೇಲೆ ಪ್ರೀತಿ. ತೆಲುಗು, ತಮಿಳು, ಕನ್ನಡ ಮೂರನ್ನೂ ಸಾಲಾಗಿ ಇಟ್ಟರೆ ಹೀಗೆ ಓದಿಕೊಳ್ಳಬಹುದು ಅನ್ನುವುದು ನನಗೆ ಬಹಳ ಖುಷಿ ಕೊಡುವ ವಿಷಯ.

ಯಾಕೆಂದರೆ ಗಮನ ಇಲ್ಲದ ಅಕ್ಕರೆ ಅಕ್ಕರೆಯೇ ಅಲ್ಲ ಅಂತ ನಾನು ನಂಬಿದ್ದೇನೆ. ನಮ್ಮಲ್ಲಿ ಊಟಕ್ಕೆ ಕರೆದು ಬಲವಂತ ಮಾಡುವುದನ್ನು ಅಕ್ಕರೆ ಅಂದುಕೊಂಡಿದ್ದೇವೆ. ನನ್ನ ತಂದೆಗೆ ಸಕ್ಕರೆ ಕಾಯಿಲೆ. ಮದುವೆ ಮನೆಯಲ್ಲಿ ‘ಒಂದೇ ಒಂದು ಹೋಳಿಗೆ, ನನ್ನ ಮೇಲೆ ಪ್ರೀತಿ ಇದ್ದರೆ ಬೇಡ ಅನ್ನಬೇಡಿ’ ಅಂತ ಎಲೆಗೆ ಹಾಕಿ, ಮೇಲೆ ತುಪ್ಪ ಸುರಿದು ಹೋಗುತ್ತಾರೆ. ಅಪ್ಪ ಎಲೆಯ ಮುಂದೆ ಏನು ಮಾಡುವುದು ಅಂತ ಗೊತ್ತಾಗದೆ ಕೂತಿರುತ್ತಾರೆ. ಅದೇ ಬೀದಿಯಲ್ಲಿ ಇನ್ನೊಂದು ಮನೆ ಇದೆ. ಅಲ್ಲಿಗೆ ಹೋದರೆ ಆ ಮನೆಯಾಕೆ ಏನೂ ಹೇಳದೆ ಸಕ್ಕರೆ ಹಾಕದ ಕಾಫಿಯನ್ನು ಬೇರೆ ಲೋಟದಲ್ಲಿ ತಂದು ಅವರ ಮುಂದಿಡುತ್ತಾರೆ, ಪ್ರತಿ ಸಲವೂ, ಒಮ್ಮೆಯೂ ಮರೆತಿಲ್ಲ. ಅಕ್ಕರೆಗೆ ಸಕ್ಕರೆಯನ್ನು ಪ್ರಾಸ ಮಾಡದ ಶುಭಾಶಯ ಪತ್ರವೇ ಇಲ್ಲ. ನನಗೆ ಮಾತ್ರ ಆ ಸಕ್ಕರೆ ಇಲ್ಲದ ಕಾಫಿಯೇ ಸರಿಯಾದ ಉದಾಹರಣೆ ಅನ್ನಿಸುತ್ತದೆ.

ತವರಿನ ವಿಷಯಕ್ಕೆ ಬಂದರೆ ಈ ಗಮನ ಅನ್ನುವುದೇ ಒಂದು ಪದ್ಧತಿಯಾಗಿ ನಿಂತಿದೆ. ಹಳೇ ಮೈಸೂರು ಕಡೆ ಗೌರಿ ಹಬ್ಬ ಬಂತು ಅಂದರೆ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ತವರಿನಿಂದ ಅರಿಶಿನ ಕುಂಕುಮಕ್ಕೆ ಅಂತ ದುಡ್ಡು, ಸೀರೆ ಬರಬೇಕು, ಬಾಗಿನ ಬರಬೇಕು. ಮೊದಲು ಮನಿಯಾರ್ಡರ್ ಬರುತ್ತಿತ್ತು, ಈಗ ಅಣ್ಣತಮ್ಮಂದಿರು ಫೋನಿನಲ್ಲೇ ಕಳಿಸುತ್ತಾರೆ. ಮೊತ್ತ ಎಷ್ಟು ಅಂತ ಯಾವ ಅಕ್ಕತಂಗಿಯೂ ನೋಡುವುದಿಲ್ಲ, ಬಂತಾ ಇಲ್ಲವಾ ಅಂತ ಮಾತ್ರ ನೋಡುತ್ತಾರೆ. ಉತ್ತರ ಕರ್ನಾಟಕದಲ್ಲಿ ಇದೇ ಜಾಗದಲ್ಲಿ ನಾಗರ ಪಂಚಮಿ ಇದೆ. ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದುಕೊಂಡು ಹೋಗಬೇಕು, ಜೋಕಾಲಿ ಕಟ್ಟಬೇಕು, ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಬೇಕು. ಕರೆಯಲು ಅಣ್ಣ ಬರಲಿಲ್ಲ ಅನ್ನುವ ದುಃಖದ ಮೇಲೆ ಎಷ್ಟು ಹಾಡುಗಳಿವೆ ಅಂತ ಆ ಕಡೆಯ ಹೆಂಗಸರನ್ನು ಕೇಳಿ ನೋಡಿ. ಒಬ್ಬರು ತನ್ನನ್ನು ನೆನಪಿಟ್ಟುಕೊಂಡಿದ್ದಾರಾ ಅನ್ನುವುದೇ ಅಲ್ಲಿ ಮುಖ್ಯ.

ಈಗ ನನಗೆ ಬೇಸರ ತರಿಸುವ ಬಳಕೆಯ ಬಗ್ಗೆ ಹೇಳಬೇಕು. ಅಕ್ಕರೆ ಅನ್ನುವುದು ಕೆಲಸದ ಜೊತೆ ಬರುವ ಪದ ಅಂದೆನಲ್ಲ. ಆ ಕೆಲಸ ಮಾಡುವವರು ಹೆಚ್ಚಿನ ಕಡೆ ಹೆಂಗಸರು. ‘ಅವರು ಅಕ್ಕರೆಯಿಂದ ಮಾಡುತ್ತಾರೆ’ ಅಂತ ಹೊಗಳಿ, ಅದು ಕೆಲಸ ಅನ್ನುವುದನ್ನೇ ಮರೆತುಬಿಡುತ್ತೇವೆ. ಅಂಗನವಾಡಿಯನ್ನು ನೋಡಿ. ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್, ಅಂದರೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾಯಿತು, ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಅಂದಿನಿಂದ ನಮ್ಮ ಹಳ್ಳಿಗಳ ಮಕ್ಕಳು ಮನೆಯಿಂದ ಹೊರಗೆ ಮೊದಲ ಸಲ ಕೂತದ್ದು, ತಿಂದದ್ದು, ನಿದ್ದೆ ಹೋದದ್ದು ಅಂಗನವಾಡಿ ಟೀಚರ್ ಮತ್ತು ಸಹಾಯಕಿಯ ಹತ್ತಿರ. ಮಕ್ಕಳ ತೂಕ ನೋಡಬೇಕು, ಗರ್ಭಿಣಿ ಬಾಣಂತಿಯರ ಲೆಕ್ಕ ಇಡಬೇಕು, 2017ರಲ್ಲಿ ಮಾತೃಪೂರ್ಣ ಯೋಜನೆ ಬಂದ ಮೇಲೆ ಅವರಿಗೆ ಬಿಸಿ ಊಟ ಕೊಡಬೇಕು, ಈಗ ಪೋಷಣ್ ಟ್ರ್ಯಾಕರ್ ಅಂತ ಮೊಬೈಲಿನಲ್ಲಿ ಎಲ್ಲವನ್ನೂ ತುಂಬಬೇಕು. ಇದರ ಮಧ್ಯೆ ಚಡ್ಡಿ ಒದ್ದೆ ಮಾಡಿಕೊಂಡವನಿಗೆ ಚಡ್ಡಿ ಬದಲಾಯಿಸಬೇಕು, ಅಮ್ಮ ಬೇಕು ಅಂತ ಅಳುವವಳನ್ನು ಸೊಂಟಕ್ಕೆ ಎತ್ತಿಕೊಳ್ಳಬೇಕು.

ಇಷ್ಟಕ್ಕೆ ಅವರಿಗೆ ಸಿಗುವುದಕ್ಕೆ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಅದನ್ನು ಜಾಸ್ತಿ ಮಾಡಿ ಅಂತ ಕೇಳಲು ಅವರು ಊರೂರಿನಿಂದ ಬಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂರಬೇಕಾಗುತ್ತದೆ. 2022ರಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರ್ಯಾಚುಯಿಟಿಗೆ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟಿಗೆ ಹಕ್ಕಿದೆ ಅಂತ ಹೇಳಬೇಕಾಯಿತು, ಅಂದರೆ ಅಲ್ಲಿಯವರೆಗೆ ಅದಕ್ಕೂ ಜಗಳವೇ. ಶಾಲೆಯಲ್ಲಿ ಬಿಸಿಯೂಟ ಮಾಡುವವರ ಕಥೆಯೂ ಬೇರೆಯಲ್ಲ. ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಬಂತು. ಹೊಗೆಯಲ್ಲಿ ನಿಂತು ಮಕ್ಕಳ ಹೊಟ್ಟೆ ತುಂಬಿಸುವ ಆ ಹೆಂಗಸರಿಗೂ ಅದೇ ಗೌರವಧನ. ವೇದಿಕೆ ಮೇಲೆ ‘ತಾಯಿಯ ಅಕ್ಕರೆಯಿಂದ ಬಡಿಸುವ ನಮ್ಮ ಸೋದರಿಯರು’ ಅಂತ ಭಾಷಣ ಮಾಡುವವರ ಬಾಯಲ್ಲಿ ಆ ಪದ ಕೇಳಿದಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ. ನಮ್ಮ ದೊಡ್ಡಮ್ಮನಿಗೂ ಇದೇ ಆಗಿತ್ತು ಅನ್ನಿಸುತ್ತದೆ. ಪುಣ್ಯವಂತೆ ಅಂತ ಹೊಗಳಿ ಹೋದವರಲ್ಲಿ, ಬಾ ನಾನು ಒಂದು ರಾತ್ರಿ ಕೂತಿರುತ್ತೇನೆ, ನೀನು ಮಲಗು ಅಂದವರು ಕಡಿಮೆ.

ಬರವಣಿಗೆಯಲ್ಲಿ ಈ ಪದವನ್ನು ಹೇಗೆ ಬಳಸಬಹುದು ಅಂತ ಕೆಲವರು ಕೇಳುತ್ತಾರೆ. ಹಿಂದೆ ಮನೆಯ ಕಾಗದಗಳಲ್ಲಿ ಅದಕ್ಕೆ ಜಾಗ ಇರಲಿಲ್ಲ. ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರಗಳು, ಚಿರಂಜೀವಿಗೆ ಆಶೀರ್ವಾದಗಳು, ಇಲ್ಲಿ ನಾವೆಲ್ಲ ಕ್ಷೇಮ, ಅಷ್ಟೇ. ಪ್ರೀತಿ ಇದ್ದದ್ದು ಆಮೇಲಿನ ಸಾಲಿನಲ್ಲಿ, ‘ಎಣ್ಣೆ ಸ್ನಾನ ತಪ್ಪಿಸಬೇಡ, ಹೋಟೆಲಿನಲ್ಲಿ ಜಾಸ್ತಿ ತಿನ್ನಬೇಡ’ ಅನ್ನುವಲ್ಲಿ. ಈಗ ‘ಅಕ್ಕರೆಯ ಅಣ್ಣನಿಗೆ’, ‘ಅಕ್ಕರೆಯ ಓದುಗರೇ’ ಅಂತ ಬರೆಯುವುದು ರೂಢಿಯಾಗಿದೆ. ತಪ್ಪೇನಿಲ್ಲ. ನನಗೆ ಕೇಳಿದರೆ, ನೀವು ಅವರಿಗಾಗಿ ಏನಾದರೂ ಮಾಡುವ ಜಾಗದಲ್ಲಿ ಇದ್ದರೆ ಅದು ಒಪ್ಪುತ್ತದೆ. ತಂಗಿಗೆ, ಶಿಷ್ಯನಿಗೆ, ಗೆಳೆಯರ ಮಗುವಿಗೆ ಚೆನ್ನಾಗಿ ಕೂರುತ್ತದೆ. ಮೇಲಧಿಕಾರಿಗೆ ಬರೆಯುವ ಕಾಗದದಲ್ಲಿ ಕೂರುವುದಿಲ್ಲ. ಅಂದಹಾಗೆ ಮಮತಾ, ಪ್ರೀತಿ, ವತ್ಸಲಾ, ಸ್ನೇಹಾ ಅಂತ ಹೆಣ್ಣುಮಕ್ಕಳಿದ್ದಾರೆ, ಅಕ್ಕರೆ ಅಂತ ಹೆಸರಿರುವವರನ್ನು ನಾನು ಇನ್ನೂ ಭೇಟಿಯಾಗಿಲ್ಲ. ಮನೆಗೆ ಆ ಹೆಸರು ಇಟ್ಟಿರುವುದನ್ನು ನೋಡಿದ್ದೇನೆ, ಚೆನ್ನಾಗಿ ಒಪ್ಪಿತ್ತು.

ಮಾತಿನಲ್ಲಿ ಮಾತ್ರ ಒಂದೊಂದು ಕಡೆ ಒಂದೊಂದು. ಮೈಸೂರು ಕಡೆ ‘ಮೊಮ್ಮಗಳನ್ನ ಕಂಡ್ರೆ ಅವ್ರಿಗೆ ಪ್ರಾಣ’ ಅನ್ನುತ್ತಾರೆ. ಧಾರವಾಡದ ಕಡೆ ಹೋದರೆ ಅದು ಜೀವ ಆಗುತ್ತದೆ, ‘ಆಕಿಗೆ ಮೊಮ್ಮಕ್ಕಳ ಮ್ಯಾಲ ಭಾಳ ಜೀವ’ ಅಂತ. ಅಲ್ಲಿಯ ಅಂತಃಕರಣವಂತೂ ಅದ್ಭುತ. ವೇದಾಂತದಲ್ಲಿ ಅಂತಃಕರಣ ಅಂದರೆ ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ ಸೇರಿದ ಒಳಗಿನ ಉಪಕರಣ. ಧಾರವಾಡದ ಹೆಂಗಸರು ಅದನ್ನು ಕೈಗೆತ್ತಿಕೊಂಡು ‘ಅವಂಗ ಸ್ವಲ್ಪನೂ ಅಂತಃಕರಣ ಇಲ್ಲ’ ಅಂದುಬಿಟ್ಟರು, ಅದು ಕರುಣೆ ಪ್ರೀತಿ ಎರಡೂ ಆಯಿತು. ಮಂಗಳೂರಿನ ಕಡೆ ತುಳುವಿನಲ್ಲಿ ಮೋಕೆ, ಕೊಂಕಣಿಯಲ್ಲಿ ಮೋಗ್, ಮಕ್ಕಳನ್ನು ಮುದ್ದು ಮಾಡುವುದಕ್ಕೆ ತುಳುವಿನಲ್ಲೂ ಹವ್ಯಕರ ಮಾತಿನಲ್ಲೂ ಕೊಂಗಾಟ.

ಬೀದರ್, ಬಳ್ಳಾರಿ, ಚಾಮರಾಜನಗರದ ಕಡೆಯವರು ಏನಂತೀರಿ ಅಂತ ತಿಳಿದುಕೊಳ್ಳುವ ಆಸೆ ಇದೆ. ಪುಸ್ತಕದಲ್ಲಿರುವ ಪದ ಬೇಡ. ಮನೆಯಲ್ಲಿ ವಯಸ್ಸಾದವರು ಇದ್ದರೆ, ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಕೂತವರ ಬಗ್ಗೆ ಅವರು ಏನು ಹೇಳುತ್ತಾರೆ ಅಂತ ಒಂದು ಸಲ ಕಿವಿಗೊಟ್ಟು ಕೇಳಿ, ಕೇಳಿದ ಹಾಗೇ ಬರೆದಿಟ್ಟುಕೊಳ್ಳಿ.